ನಾವೇ ತಿಳಿಸುತ್ತೇವೆ

ಕಳೆದ ವಾರ ಒಂದು ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ಬಂದು ಜಗಲಿಯ ಮೇಲೆ ಸುಮ್ಮನೆ ಕುಳಿತ. ಬಿ.ಕಾಂ. ಮುಗಿಸಿದ ಹುಡುಗ. ಬೆಂಗಳೂರಿನ ಕಾಲ್ ಸೆಂಟರೊಂದಕ್ಕೆ ಅರ್ಜಿ ಹಾಕಿಕೊಂಡಿದ್ದನಂತೆ; ಈಗ ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ‘ಕಸ್ಟಮರ್ ಸಪೋರ್ಟ್’ ಎನ್ನುತ್ತಾರೆ. ಸಂದರ್ಶನ ಮನೆಯಲ್ಲಿಯೇ, ಲ್ಯಾಪ್‌ಟಾಪಿನ ಮುಂದೆ. ಎದುರಿಗೆ ಮನುಷ್ಯರು ಯಾರೂ ಇರಲಿಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಉತ್ತರ ಹೇಳಬೇಕು. ಮುಗಿಸಿ ಎದ್ದು ಅವನು ಚಹಾ ಕುಡಿಯುವಷ್ಟರಲ್ಲಿ ಮಿಂಚಂಚೆ ಬಂದೇ ಬಿಟ್ಟಿತು. ತಮ್ಮ ಆಸಕ್ತಿಗೆ ಧನ್ಯವಾದ, ಈ ಬಾರಿ ಮುಂದುವರಿಯಲು ಸಾಧ್ಯವಾಗುತ್ತಿಲ್ಲ, ಇತ್ಯಾದಿ.

“ಬೇಡ ಅಂದಿದ್ದಕ್ಕೆ ಬೇಜಾರಿಲ್ಲ ಸಾರ್. ಏನು ತಪ್ಪು ಮಾಡಿದೆ ಅಂತ ಹೇಳಲೇ ಇಲ್ಲ” ಎಂದ.

ಇದೇ ಮಾತನ್ನು ಇದೇ ಜಗಲಿಯ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅವನ ಸೋದರತ್ತೆಯ ಬಾಯಿಂದ ನಾನು ಕೇಳಿದ್ದೆ. ಅಂದಿನಿಂದ ಮನಸ್ಸಿನಲ್ಲಿ ಉಳಿದುಕೊಂಡಿರುವ ಒಂದು ಅಭಿಪ್ರಾಯವನ್ನು ಇಂದು ಬರೆದೇ ಬಿಡೋಣವೆಂದು ಕುಳಿತಿದ್ದೇನೆ. ಓದುಗರು ಮುದುಕನ ನೆನಪುಗಳನ್ನು ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ಲಷ್ಕರ್ ಮೊಹಲ್ಲಾವನ್ನು ಬಲ್ಲವರು ಬಲ್ಲರು. ಲಷ್ಕರ್ ಎಂದರೆ ದಂಡು, ಸೈನ್ಯ. ಈಗ ದಂಡೂ ಇಲ್ಲ, ಕುದುರೆಯೂ ಇಲ್ಲ. ಅಂಗಡಿ, ಮಳಿಗೆ, ಲಾರಿ, ಕೈಗಾಡಿಗಳು. ಸಂತ ಫಿಲೋಮಿನಾ ಚರ್ಚಿನ ಗಂಟೆಯೂ ಅಶೋಕ ರಸ್ತೆಯ ಮಸೀದಿಯ ಬಾಂಗೂ ಕೇಳಿಸುವ ಬೀದಿಗಳು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ದಖನಿ ಉರ್ದು, ಅದರಾಚೆ ತಮಿಳು. ನಲ್ಲಿಯ ಬಳಿ ಜಗಳವಾದರೆ ಮೂರೂ ಬೆರೆತು ನಾಲ್ಕನೆಯ ಭಾಷೆಯೊಂದು ಹುಟ್ಟುತ್ತದೆ. ಆ ಹುಡುಗಿಯ ತಂದೆ ದರ್ಜಿ. ಜೂನ್ ತಿಂಗಳು ಬಂತೆಂದರೆ ಶಾಲಾ ಸಮವಸ್ತ್ರಗಳ ರಾಶಿಯ ನಡುವೆ ಅವರ ತಲೆ ಮಾತ್ರ ಕಾಣುತ್ತಿತ್ತು. ಮಗಳನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದರು. ಎಂಟರಿಂದ ಹತ್ತನೆಯ ತರಗತಿಯವರೆಗೆ ಅವಳಿಗೆ ಇಂಗ್ಲಿಷ್ ಪಾಠ ಹೇಳಿದವನು ನಾನೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ.

ಅವಳು ಪದವಿ ಮುಗಿಸಿದ್ದು 2005ರಲ್ಲಿ. ‘ಸ್ಟಾರ್ ಆಫ್ ಮೈಸೂರ್’ ಸಂಜೆ ಪತ್ರಿಕೆಯ ಜಾಹೀರಾತೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಯಾವ ಪದವಿಯಾದರೂ ಆದೀತು, ಅನುಭವ ಬೇಡ, ನೇರ ಸಂದರ್ಶನ, ಬೆಂಗಳೂರು. ಮನೆಯಲ್ಲಿ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಆ ಡಿಸೆಂಬರ್‌ನಲ್ಲಿಯೇ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳು ಟ್ಯಾಕ್ಸಿ ಚಾಲಕನಿಂದ ಕೊಲೆಯಾಗಿದ್ದಳು. ವಾರಗಟ್ಟಲೆ ಪತ್ರಿಕೆಗಳ ತುಂಬ ಅದೇ ಸುದ್ದಿ. ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತು ಗಂಟೆ ಎಂದರೆ ನಮ್ಮಲ್ಲಿ ಸಂಜೆ ಆರೂವರೆ, ಅವರ ಚಳಿಗಾಲದಲ್ಲಿ ಏಳೂವರೆ. ಹಾಗಾಗಿ ಅಲ್ಲಿಯ ಹಗಲಿಗೆ ಕೆಲಸ ಮಾಡುವವರಿಗೆ ಇಲ್ಲಿಯ ರಾತ್ರಿ ತಪ್ಪಿದ್ದಲ್ಲ. ಹೆಂಗಸರನ್ನು ರಾತ್ರಿ ದುಡಿಸಕೂಡದೆಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ ಇದ್ದ ನಿಷೇಧವನ್ನು ಈ ಉದ್ಯಮಕ್ಕಾಗಿ ಆಗಲೇ ಸಡಿಲಿಸಿದ್ದರು. ಕಾಯಿದೆ ಸಡಿಲವಾದರೆ ತಂದೆಯ ಎದೆ ಸಡಿಲವಾಗುತ್ತದೆಯೆ?

ಕೊನೆಗೆ ಅವರು ನನ್ನ ಬಳಿ ಬಂದರು. “ಮೇಷ್ಟ್ರೇ, ನೀವು ಜೊತೆಗೆ ಹೋಗೋದಾದ್ರೆ ಕಳಿಸ್ತೀನಿ. ಜಾಗ ನೋಡ್ಕೊಂಡು ಬನ್ನಿ. ಸರಿಯಿಲ್ಲ ಅಂತ ನೀವು ಹೇಳಿದ್ರೆ ಅಲ್ಲಿಗೇ ಮುಗೀತು” ಎಂದರು. ನಿವೃತ್ತನಾಗಿ ಎರಡು ವರ್ಷವಾಗಿತ್ತು. ನನಗೂ ಬೇರೆ ಉದ್ಯೋಗವಿರಲಿಲ್ಲ. 2006ರ ಜನವರಿಯ ಒಂದು ಬೆಳಿಗ್ಗೆ ಸಬರ್ಬನ್ ಬಸ್ ನಿಲ್ದಾಣದಿಂದ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದೆವು. ದಾರಿಯುದ್ದಕ್ಕೂ ಅವಳು ತುಟಿ ಆಡಿಸುತ್ತಲೇ ಇದ್ದಳು. ಪ್ರಾರ್ಥನೆ ಇರಬೇಕೆಂದುಕೊಂಡೆ. ಮಂಡ್ಯ ದಾಟಿದ ಮೇಲೆ ಗೊತ್ತಾಯಿತು, ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದಳು.

ಕೋರಮಂಗಲದಲ್ಲಿ ಆ ಗಾಜಿನ ಕಟ್ಟಡದ ಮುಂದೆ ಇನ್ನೂರು ಮುನ್ನೂರು ಜನ. ಹಾಸನದವರು, ಶಿವಮೊಗ್ಗದವರು, ಕೇರಳದವರು, ಈಶಾನ್ಯ ರಾಜ್ಯಗಳ ಮಕ್ಕಳು. ಕಾವಲಿನವನು ನನ್ನನ್ನು ಒಳಗೆ ಬಿಡಲಿಲ್ಲ. ಎದುರಿನ ಚಹಾ ಗಾಡಿಯ ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಕುಳಿತೆ. ನನ್ನಂತೆಯೇ ಇನ್ನೂ ಐದಾರು ಮಂದಿ ತಂದೆಯರು, ಅಣ್ಣಂದಿರು ಅಲ್ಲಿದ್ದರು. ಪರೀಕ್ಷಾ ಕೇಂದ್ರದ ಹೊರಗೆ ನಿಲ್ಲುವ ಪೋಷಕರನ್ನು ಮೂರು ದಶಕ ನೋಡಿದವನಿಗೆ ಅಂದು ಆ ಸಾಲಿನಲ್ಲಿ ತಾನೇ ನಿಲ್ಲುವ ಯೋಗ ಬಂದಿತ್ತು.

ಒಳಗೆ ನಡೆದುದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ಮೊದಲು ಅರ್ಜಿ ತುಂಬುವುದು, ಎರಡು ನಿಮಿಷದ ಮಾತು. ಬಳಿಕ ಕಂಪ್ಯೂಟರಿನಲ್ಲಿ ಬೆರಳಚ್ಚು. ಅದರ ಬಳಿಕ ಹತ್ತು ಜನರನ್ನು ವೃತ್ತವಾಗಿ ಕೂರಿಸಿ ‘ಜಾಮ್’ ಎಂಬ ಆಟ. ಕೊಟ್ಟ ವಿಷಯದ ಮೇಲೆ ತಡವರಿಸದೆ ಒಂದು ನಿಮಿಷ ಮಾತನಾಡಬೇಕು. (ಇದು ಮೂಲತಃ ಬಿ.ಬಿ.ಸಿ. ರೇಡಿಯೋದಲ್ಲಿ 1967ರಿಂದ ನಡೆದುಬಂದ ಹಾಸ್ಯದ ಕಾರ್ಯಕ್ರಮ. ಅಲ್ಲಿ ನಗುವುದಕ್ಕಾಗಿ ಆಡುವ ಆಟ ಇಲ್ಲಿ ಅನ್ನದ ಪ್ರಶ್ನೆಯಾಗಿತ್ತು.) ಅವಳಿಗೆ ಬಂದ ವಿಷಯ ‘ನಿಮ್ಮ ಊರು’. ದಸರಾ, ಅರಮನೆ, ಚಾಮುಂಡಿ ಬೆಟ್ಟವೆಂದು ನಿಮಿಷ ತುಂಬಿಸಿದಳು. ನಾಲ್ಕನೆಯದು ಧ್ವನಿ ಮತ್ತು ಉಚ್ಚಾರಣೆಯ ಸುತ್ತು. ಒಬ್ಬ ಹೆಂಗಸು ಒಂದು ಪುಟ ಓದಿಸಿದರು. ಕೆಲವು ಪದಗಳನ್ನು ಎರಡೆರಡು ಬಾರಿ ಹೇಳಿಸಿದರು. ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು. ನಕ್ಕು, “ನಾವೇ ತಿಳಿಸುತ್ತೇವೆ” ಎಂದರು.

ಅರ್ಜಿಯಲ್ಲಿ ಅವಳು ಕೊಟ್ಟಿದ್ದುದು ನಮ್ಮ ಮನೆಯ ದೂರವಾಣಿಯ ಸಂಖ್ಯೆಯನ್ನು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಆ ಫೋನು ಹೊಡೆದಾಗಲೆಲ್ಲ ನನ್ನ ಹೆಂಡತಿ ಒಲೆ ಸಣ್ಣ ಮಾಡಿ ಓಡಿಬರುತ್ತಿದ್ದಳು. ಸಂಜೆಯಾದರೆ ಹುಡುಗಿ ಬಾಗಿಲ ಬಳಿ ನಿಂತು ಏನೂ ಕೇಳದೆ ನನ್ನ ಮುಖ ನೋಡಿ ಹೊರಟುಹೋಗುತ್ತಿದ್ದಳು. ‘ನಾವೇ ತಿಳಿಸುತ್ತೇವೆ’ ಎಂಬುದಕ್ಕೆ ‘ಇಲ್ಲ’ ಎಂದು ಅರ್ಥವೆಂದು ನಮಗೆ ತಿಳಿಯಲು ಅಷ್ಟು ದಿನ ಬೇಕಾಯಿತು. ಇಂಗ್ಲಿಷ್ ಮೇಷ್ಟರಾಗಿ ಮೂವತ್ತು ವರ್ಷ ಕಳೆದರೂ ನನಗೆ ತಿಳಿಯದಿದ್ದ ಇಂಗ್ಲಿಷ್ ಅದು.

ಮತ್ತೊಂದು ಕಡೆ ಹೋದಳು. ಅಲ್ಲಿಯೂ ನಾಲ್ಕನೆಯ ಸುತ್ತು, ಅಲ್ಲಿಯೂ ಅದೇ ನಗು. ಈ ನಡುವೆ ಮೈಸೂರಿನಲ್ಲಿಯೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ‘ಕನ್ಸಲ್ಟೆನ್ಸಿ’ಯವರು ಮೂರು ಸಾವಿರ ಕಟ್ಟಿಸಿಕೊಂಡು ಕೆಲಸ ಖಚಿತವೆಂದರು, ಎರಡು ತಿಂಗಳಲ್ಲಿ ಬೀಗ ಬಿತ್ತು. ಸುಲಭವಾಗಿ ತೇರ್ಗಡೆಯಾಗುವ ಸಂದರ್ಶನವನ್ನು ಕಂಡರೆ ಹೆದರಬೇಕೆಂದು ನಾನು ಇಂದಿಗೂ ಮಕ್ಕಳಿಗೆ ಹೇಳುತ್ತಿರುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತಲ್ಲ, ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ ನಮ್ಮ ಹುಡುಗರನ್ನು ಮ್ಯಾನ್ಮಾರಿನ ವಂಚನೆಯ ಅಡ್ಡೆಗಳಿಗೆ ಸಾಗಿಸುತ್ತಿದ್ದಾರೆಂದು. ಇರಲಿ, ವಿಷಯಕ್ಕೆ ಬರುತ್ತೇನೆ.

ಎರಡನೆಯ ಸಲ ಹೋದಾಗ ಜೊತೆಗಿದ್ದ ಕೊಡಗಿನ ಹುಡುಗಿಯೊಬ್ಬಳು ಇವಳ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. “ಸಾರ್, ಎಂ.ಟಿ.ಐ. ಅಂದ್ರೆ ಏನು? ನನಗೆ ಅದು ಜಾಸ್ತಿ ಇದೆಯಂತೆ.” ನಾನು ಯಾವುದೋ ಕಾಯಿಲೆಯ ಹೆಸರಿರಬೇಕೆಂದುಕೊಂಡೆ. ವಿಚಾರಿಸಿದಾಗ ತಿಳಿಯಿತು: ಮದರ್ ಟಂಗ್ ಇನ್‌ಫ್ಲುಯೆನ್ಸ್, ತಾಯ್ನುಡಿಯ ಪ್ರಭಾವ. ನಾಲಗೆಯ ಮೇಲೆ ತಾಯಿಯ ಗುರುತು ಉಳಿದಿರುವುದು ಆ ಉದ್ಯಮದಲ್ಲಿ ದೋಷ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಪತ್ರಿಕೆಗೊಂದು ಪತ್ರವನ್ನೂ ಬರೆದೆ, ಕಳುಹಿಸಲಿಲ್ಲ. ಏಕೆ ಕಳುಹಿಸಲಿಲ್ಲವೆಂಬುದನ್ನು ಈಗ ಹೇಳಬೇಕು.

ಯಾವ ತಾಯ್ನುಡಿಯ ಪ್ರಭಾವವೆಂದು ನೋಡಿಯೇ ಬಿಡೋಣವೆಂದು ಅವಳನ್ನು ಜಗಲಿಯ ಮೇಲೆ ಕೂರಿಸಿ ಇಂಗ್ಲಿಷ್ ಪತ್ರಿಕೆಯ ಒಂದು ಅಂಕಣವನ್ನು ಓದಿಸಿದೆ, ಪೆನ್ಸಿಲು ಹಿಡಿದು. ಮನೆಮಾತು ದಖನಿಯಾದ್ದರಿಂದ ‘ಇಸ್ಕೂಲ್’, ‘ಇಸ್ಟೇಷನ್’ ಎನ್ನುತ್ತಾಳೆಂದು ನಿರೀಕ್ಷಿಸಿದ್ದೆ. ಒಂದೆರಡು ಕಡೆ ಹಾಗೆಯೇ ಆಯಿತು. ಆದರೆ ಕನ್ನಡದ ಮಕ್ಕಳನ್ನು ಕಾಡುವ ‘ಝೂ’, ‘ಫ್ಯಾನ್’ಗಳ ಧ್ವನಿ ಅವಳಿಗೆ ಉರ್ದುವಿನ ದಯೆಯಿಂದ ಹುಟ್ಟಿನಿಂದಲೇ ಬಂದಿತ್ತು. ಮನೆಮಾತು ಅವಳಿಗೆ ಅಡ್ಡಬಂದುದಕ್ಕಿಂತ ನೆರವಾದುದೇ ಹೆಚ್ಚು. ಹಾಗಾದರೆ ತೊಡಕೆಲ್ಲಿ? ‘ಎಕ್ಸಾಮ್’ ಅವಳ ಬಾಯಲ್ಲಿ ‘ಯೆಕ್ಸಾಮ್’ ಆಗುತ್ತಿತ್ತು. ‘ಓನ್ಲಿ’ ಎಂಬುದು ‘ವೋನ್ಲಿ’. ‘ಎವರಿ’ ಎಂಬುದು ‘ಯೆವರಿ’. ದ್ರಾಕ್ಷಿಬಳ್ಳಿಯೂ ದ್ರಾಕ್ಷಾರಸವೂ ಒಂದೇ ‘ವೈನ್’. ಯಾವ ಪದದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಬೇಕೆಂಬ ಕಲ್ಪನೆಯೇ ಇಲ್ಲ. ಎಲ್ಲ ಅಕ್ಷರಕ್ಕೂ ಸಮಪಾಲು, ಕಂದಪದ್ಯ ಓದಿದ ಹಾಗೆ.

ಪೆನ್ಸಿಲ್ಲಿನ ಗುರುತುಗಳನ್ನು ನೋಡುತ್ತ ನೋಡುತ್ತ ನನಗೆ ಮೈ ಬಿಸಿಯಾಯಿತು. ಅವು ಅವಳ ತಾಯಿಯ ನುಡಿಯಿಂದ ಬಂದವಲ್ಲ. ಅವು ನನ್ನವು. ‘ಯೆಕ್ಸಾಮ್’ ಎಂದವನು ನಾನು, ‘ವೋನ್ಲಿ’ ಎಂದವನು ನಾನು. ನನ್ನ ತರಗತಿಯಲ್ಲಿ ಮೂರು ವರ್ಷ ಕಿವಿಗೊಟ್ಟು ಕೇಳಿದ ವಿನಯವಂತ ಹುಡುಗಿ ನನ್ನ ನಾಲಗೆಯನ್ನೇ ತನ್ನ ಬಾಯಿಗೆ ತೆಗೆದುಕೊಂಡಿದ್ದಳು. ಪಾಠ ಕೇಳದೆ ಕಿಟಕಿಯಾಚೆ ನೋಡುತ್ತಿದ್ದ ಪೋಲಿಗಳು ಬಹುಶಃ ಇವಳಿಗಿಂತ ಚೆನ್ನಾಗಿ ಹೇಳುತ್ತಿದ್ದರೇನೋ.

ಹಾಗೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದವನು ನಾನು. ಅಲ್ಲಿ ಟೇಪ್ ರೆಕಾರ್ಡರ್ ಇಟ್ಟು ಧ್ವನಿಗಳನ್ನು ಬಿಡಿಸಿ ಬಿಡಿಸಿ ಕಲಿಸಿದ್ದರು. ಮರಳಿ ಬಂದು ಒಂದು ತಿಂಗಳು ಹುಮ್ಮಸ್ಸಿನಿಂದ ಮಾಡಿದೆ. ಆಮೇಲೆ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯೆಂಬ ಗಾಣಕ್ಕೆ ಕೊರಳು ಕೊಟ್ಟೆ. ಆ ಪರೀಕ್ಷೆಯಲ್ಲಿ ಮಾತನಾಡುವುದಕ್ಕೆ ಒಂದೇ ಒಂದು ಅಂಕವಿರಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ತರಗತಿಯಿಂದ. ನನ್ನ ಬಳಿ ಬರುವ ಹೊತ್ತಿಗೆ ಪ್ರಶ್ನೋತ್ತರ ಬರೆಸುವುದರಲ್ಲಿಯೇ ವರ್ಷ ಮುಗಿಯುತ್ತಿತ್ತು. ನನ್ನ ಮಕ್ಕಳು ಶೇಕಡಾ ಎಂಬತ್ತು ಅಂಕ ತೆಗೆದುಕೊಂಡು ಒಂದು ವಾಕ್ಯವನ್ನೂ ಆಡದೆ ಹೊರಬಿದ್ದರು. ಆ ಪತ್ರವನ್ನು ಕಳುಹಿಸುವ ಮುಖ ನನಗಿರಲಿಲ್ಲ.

ಮುಂದಿನ ನಾಲ್ಕೈದು ತಿಂಗಳು ಗುರು ಶಿಷ್ಯೆ ಇಬ್ಬರೂ ಕಲಿತೆವು. ರಾತ್ರಿ ಒಂಬತ್ತರ ಆಕಾಶವಾಣಿಯ ಇಂಗ್ಲಿಷ್ ವಾರ್ತೆ, ಹಳೆಯ ರೇಡಿಯೋದಲ್ಲಿ ಗೊರಗೊರ ಎನ್ನುತ್ತ ಸಿಗುವ ಬಿ.ಬಿ.ಸಿ. ಕನ್ನಡಿ ಹಿಡಿದು ತುಟಿ ದುಂಡಗೆ ಮಾಡುವುದು. ಅರವತ್ತು ದಾಟಿದ ಗಂಡ ಕನ್ನಡಿಯ ಮುಂದೆ ತುಟಿ ಚಾಚುವುದನ್ನು ನೋಡಿ ನನ್ನ ಹೆಂಡತಿ ನಕ್ಕಷ್ಟು ಅದಕ್ಕೂ ಮೊದಲು ನಕ್ಕದ್ದನ್ನು ನಾನು ಕಾಣೆ. ಆಗಸ್ಟಿನಲ್ಲಿ ಬೇರೊಂದು ಕಂಪನಿಯಲ್ಲಿ ಅವಳಿಗೆ ಕೆಲಸವಾಯಿತು. ತಿಂಗಳಿಗೆ 9 ಸಾವಿರ. ಕರೆ ಸ್ವೀಕರಿಸುವಾಗ ಹೇಳಿಕೊಳ್ಳಲು ಒಂದು ಇಂಗ್ಲಿಷ್ ಹೆಸರು. ಆ ಹೆಸರಿನ ವಿಷಯ ತಂದೆಗೆ ಹೇಳಬೇಡಿ ಎಂದಿದ್ದಳು, ಹೇಳಲಿಲ್ಲ.

ಆ ದಿನಗಳಲ್ಲಿ ನಮ್ಮ ಬುದ್ಧಿಜೀವಿಗಳು ಇಂಥ ಮಕ್ಕಳನ್ನು ‘ಸೈಬರ್ ಕೂಲಿ’ಗಳೆಂದು ಮರುಗುತ್ತಿದ್ದರು. ಆ ಮರುಕದಲ್ಲಿ ನನಗೆ ಪಾಲಿಲ್ಲ. ಎರಡನೆಯ ವರ್ಷ ಆ ದರ್ಜಿಯ ಮನೆಯ ಹೆಂಚು ಹೋಗಿ ತಾರಸಿ ಬಂತು. ಅಣ್ಣನ ಅಂಗಡಿಗೆ ವಿದ್ಯುತ್ ಹೊಲಿಗೆ ಯಂತ್ರ ಬಂತು. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ಮೊಹಲ್ಲಾದ ಹೆಸರು ಕೇಳಿದೊಡನೆ ಮುಖಭಾವ ಬದಲಾಗುವ ಕಚೇರಿಗಳನ್ನು ಕಂಡವನು ನಾನು. ಆ ಗಾಜಿನ ಕಟ್ಟಡದಲ್ಲಿ ಅವಳ ಜಾತಿ ಧರ್ಮ ಯಾರೂ ಕೇಳಲಿಲ್ಲ, ಯಾರ ಶಿಫಾರಸೂ ಬೇಕಾಗಲಿಲ್ಲ. ನಾಲಗೆಯನ್ನು ಮಾತ್ರ ನೋಡಿದರು. ನಾಲಗೆಯನ್ನು ತಿದ್ದಿಕೊಳ್ಳಬಹುದು, ಹುಟ್ಟನ್ನು ತಿದ್ದಿಕೊಳ್ಳಲಾಗದು.

ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಉತ್ತರಪತ್ರಿಕೆಯನ್ನು ಮರಳಿ ಕೊಡದಿರುವುದರ ಮೇಲೆ.

ಕಾರಣವನ್ನು ಆ ಕೊಡಗಿನ ಹುಡುಗಿ ಹೇಳದೆ ಹೋಗಿದ್ದರೆ ಇವಳು ಐದನೆಯ, ಆರನೆಯ ಕಂಪನಿಗೂ ಅದೇ ತಪ್ಪುಗಳನ್ನು ಹೊತ್ತುಕೊಂಡು ಹೋಗುತ್ತಿದ್ದಳು. ಆಮೇಲೆ ಮದುವೆ ಮಾಡಿಬಿಡುತ್ತಿದ್ದರು. ಅರ್ಧ ವಾಕ್ಯದ ಸುಳಿವಿನಿಂದ ಒಂದು ಮನೆಯ ಗತಿ ಬದಲಾಯಿತು. ಆ ಅರ್ಧ ವಾಕ್ಯ ಪರೀಕ್ಷಿಸಿದವರ ಹಾಳೆಯಲ್ಲಿಯೇ ಇತ್ತು.

2012ರ ಹೊತ್ತಿಗೆ ಅವಳು ಅದೇ ಉದ್ಯಮದಲ್ಲಿ ಮೇಲೇರಿ, ಧ್ವನಿ ಮತ್ತು ಉಚ್ಚಾರಣೆಯ ಸುತ್ತನ್ನು ತಾನೇ ನಡೆಸುತ್ತಿದ್ದಳು. ರಂಜಾನಿಗೆ ಊರಿಗೆ ಬಂದವಳನ್ನು ಕೇಳಿದೆ: “ಈಗ ನೀನು ಏನಮ್ಮಾ ಹೇಳ್ತೀಯ, ಆಗದವರಿಗೆ?” ತಲೆ ತಗ್ಗಿಸಿದಳು. “ನಾವೇ ತಿಳಿಸ್ತೀವಿ ಅಂತೀನಿ ಸಾರ್. ದಿನಕ್ಕೆ ಎಂಬತ್ತು ಜನ ಬರ್ತಾರೆ. ಕಾರಣ ಹೇಳಿದ್ರೆ ಕೆಲವರು ವಾದಕ್ಕೆ ನಿಲ್ತಾರೆ, ಕೆಲವರು ಅಳ್ತಾರೆ. ಹೇಳಬಾರದು ಅಂತ ಮೇಲಿನವರ ಅಪ್ಪಣೆ.” ನಾನು ಹೆಚ್ಚು ಮಾತನಾಡಲಿಲ್ಲ. ನನ್ನ ತರಗತಿಯಲ್ಲಿ ಐವತ್ತೈದು ಮಕ್ಕಳಿದ್ದರು, ನಾಲ್ಕು ವಿಭಾಗ. ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದೆವು. ವಾದಕ್ಕೂ ನಿಲ್ಲುತ್ತಿದ್ದರು, ಅಳುತ್ತಲೂ ಇದ್ದರು.

ಮೇಷ್ಟರುಗಳದ್ದೂ ಇಲಾಖೆಗಳದ್ದೂ ಎಲ್ಲ ಸರಿಯಿತ್ತೆಂದು ನಾನು ಹೇಳುವುದಿಲ್ಲ. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆಯೂ ಬಹುಕಾಲ ರಹಸ್ಯವಾಗಿಯೇ ಇತ್ತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸಿ.ಬಿ.ಎಸ್.ಇ. ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿಯ ಹಕ್ಕೆಂದು ಹೇಳಿತು. ಆ ಹಕ್ಕು ಸಾರ್ವಜನಿಕ ಪರೀಕ್ಷೆಗಳಿಗೆ ಮಾತ್ರ. ಖಾಸಗಿ ಕಂಪನಿಯ ಮೇಜಿನಾಚೆಗೆ ಅದು ದಾಟುವುದಿಲ್ಲ.

ಸಮಯವಿಲ್ಲವೆಂಬ ನೆಪವೂ ಈಗ ಉಳಿದಿಲ್ಲ. ವರ್ಸೆಂಟ್ ಎಂಬ ಪರೀಕ್ಷೆಯಿದೆ. ಯಂತ್ರವೇ ನಡೆಸಿ ಯಂತ್ರವೇ ಅಂಕ ಕೊಡುವಂಥದು. ವಾಕ್ಯ ಓದಬೇಕು, ಕೇಳಿದ್ದನ್ನು ಮರಳಿ ಹೇಳಬೇಕು, ಚದುರಿದ ಪದಗಳನ್ನು ಜೋಡಿಸಬೇಕು, ಕತೆ ಕೇಳಿ ತಿರುಗಿ ಹೇಳಬೇಕು. ಮೊದಲು 20ರಿಂದ 80ರವರೆಗೆ ಅಂಕವಿರುತ್ತಿತ್ತು. ಅದು ಒಟ್ಟು ಅಂಕವನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ವಾಕ್ಯರಚನೆಗೆ ಎಷ್ಟು, ಶಬ್ದಸಂಪತ್ತಿಗೆ ಎಷ್ಟು, ನಿರರ್ಗಳತೆಗೆ ಎಷ್ಟು, ಉಚ್ಚಾರಣೆಗೆ ಎಷ್ಟೆಂದು ಬೇರೆ ಬೇರೆಯಾಗಿ ಬರೆಯುತ್ತದೆ. ಅಂದರೆ ಕಾರಣ ಸಿದ್ಧವಾಗಿಯೇ ಇರುತ್ತದೆ. ‘ಈ ಬಾರಿ ಸಾಧ್ಯವಾಗುತ್ತಿಲ್ಲ’ ಎಂಬ ಸಾಲನ್ನು ಕಳುಹಿಸುವ ಯಂತ್ರ ಆ ನಾಲ್ಕು ಅಂಕಿಗಳನ್ನೂ ಅದರ ಕೆಳಗೆ ಸೇರಿಸಿದರೆ ಒಂದು ಪೈಸೆಯೂ ಹೆಚ್ಚು ಖರ್ಚಾಗದು. ಸ್ವಯಂಚಾಲಿತ ಉಪಕರಣಗಳಿಂದ ನೌಕರರನ್ನು ಆರಿಸುವವರು ಆ ಉಪಕರಣದ ಪಕ್ಷಪಾತವನ್ನು ಪ್ರತಿವರ್ಷ ಹೊರಗಿನವರಿಂದ ತಪಾಸಣೆ ಮಾಡಿಸಬೇಕೆಂದೂ ಅಭ್ಯರ್ಥಿಗೆ ಮೊದಲೇ ತಿಳಿಸಬೇಕೆಂದೂ ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಕಾನೂನು ಜಾರಿಯಲ್ಲಿದೆ. ಅಲ್ಲಿಂದ ಬರುವ ಕರೆಗಳಿಗೆ ಉತ್ತರಿಸಬೇಕಾದ ನಮ್ಮ ಮಕ್ಕಳಿಗೆ ಅಷ್ಟೂ ಇಲ್ಲ.

ವಿಪರ್ಯಾಸವೊಂದನ್ನು ಹೇಳಿ ಮುಗಿಸುತ್ತೇನೆ. ಫ್ರಾನ್ಸಿನ ಟೆಲಿಪರ್ಫಾರ್ಮೆನ್ಸ್ ಎಂಬ ಬೃಹತ್ ಕಾಲ್ ಸೆಂಟರ್ ಸಂಸ್ಥೆ ಭಾರತೀಯ ನೌಕರರ ಉಚ್ಚಾರಣೆಯನ್ನು ಮಾತನಾಡುತ್ತಿರುವಂತೆಯೇ ಮೃದುಗೊಳಿಸುವ ಕೃತಕ ಬುದ್ಧಿಮತ್ತೆಯನ್ನು ಬಳಸುತ್ತಿದೆಯೆಂದು 2025ರ ಆರಂಭದಲ್ಲಿ ವರದಿಯಾಯಿತು. ಇಲ್ಲಿ ‘ಯೆವರಿ’ ಎಂದರೂ ಅಲ್ಲಿ ಬೇರೆಯಾಗಿ ಕೇಳಿಸುತ್ತದಂತೆ. ಅವಳಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಸ್ವಲ್ಪ ಹೊತ್ತು ಮೌನವಾಗಿದ್ದು, “ನಮ್ಮ ಕನ್ನಡಿ ಇನ್ನೂ ಇದೆಯಾ ಸಾರ್?” ಎಂದು ಕೇಳಿದಳು. ಇದೆ, ಪಾದರಸ ಹೋಗಿದೆ ಎಂದೆ.

ಹುಡುಗ ತನ್ನ ಉತ್ತರಗಳನ್ನು ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ, ಜಾಣ. ಎರಡು ಸಲ ಕೇಳಿದೆ. ಉಚ್ಚಾರಣೆ ಚೆನ್ನಾಗಿಯೇ ಇದೆ, ಅವನ ಅತ್ತೆಗಿಂತ ಮೇಲು. ಆದರೆ ಕೋಪಗೊಂಡ ಗ್ರಾಹಕನನ್ನು ಹೇಗೆ ಸಮಾಧಾನಪಡಿಸುವೆ ಎಂದು ಕೇಳಿದ್ದಕ್ಕೆ ಕಂಪನಿಯ ನಿಯಮ ಹೇಳಿದ್ದಾನೆ. ಗ್ರಾಹಕನ ತೊಂದರೆ ಏನೆಂದು ಕೇಳಿಯೇ ಇಲ್ಲ. ಎರಡು ಕಡೆ ವಾಕ್ಯ ಅರ್ಧಕ್ಕೆ ಬಿಟ್ಟಿದ್ದಾನೆ. ಆರು ಸಾಲು ಬರೆದು ಕೊಟ್ಟೆ, ಕೆಂಪು ಶಾಯಿ ಸಿಗದೆ ನೀಲಿಯಲ್ಲಿ. ಮುಂದಿನ ಬುಧವಾರ ಇನ್ನೊಂದು ಕಂಪನಿಯದು ಇದೆಯಂತೆ.